ಕಟ್ಟದೆ ಬಿಟ್ಟ ಗಂಟು

ತೊಗಲು ಹದಮಾಡುವ ತಂಗಡಿ ತೊಗಟೆ ನೆನೆದ ನೀರಿಗೆ ಒಂದು ವಾಸನೆ ಇರುತ್ತದೆ. ಒಗರು, ತುಸು ಹುಳಿ, ಅದರಡಿಗೆ ಹಸಿ ತೊಗಲಿನ ಕಮಟು. ಇಂಡಿ ಕಡೆಯ ಒಂದು ಊರಿನ ಹೊರಗೆ, ಅಪ್ಪ ತೊಗಲು ನೆನೆಹಾಕುತ್ತಿದ್ದ ಬಾನಿಯ ಪಕ್ಕದಲ್ಲಿಯೇ ದಾನವ್ವ ನಡೆಯಲು ಕಲಿತವಳು. ಊರವರು ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದ ಜಾಗ ಅದು. ಅವಳಿಗೆ ಮಾತ್ರ ಆ ವಾಸನೆ ಬಂತೆಂದರೆ ಅಪ್ಪ ಮನೆಯಲ್ಲಿದ್ದಾನೆ ಎಂದು ಅರ್ಥ. ಐವತ್ತು ವರ್ಷದ ಮೇಲೆ, ಘಾಟ್ಕೋಪರಿನಾಚೆ ಕಡಲು ಒಳನುಗ್ಗಿದ ಖಾಡಿಯ ದಂಡೆಗಿದ್ದ ರಫ್ತಿನ ಝೋನಿನಲ್ಲಿ, ಚಪ್ಪಲಿ ಕಂಪನಿಯ ಸ್ಯಾಂಪಲ್ ರೂಮಿನ ಬಾಗಿಲು ತೆಗೆದಾಗ ಅದೇ ವಾಸನೆ ತೆಳ್ಳಗೆ ಬಂದು ಮುಟ್ಟಿತು.

"ಏನ್ ನಾರತೀ ದಾನವ್ವ," ಎಂದ ಮ್ಯಾನೇಜರ್ ಅನಿಲಕುಮಾರ. "ಛಂದಂಗ ಮೈ ತೊಳಕೊಂಡು ಬಾ ಅಂತ ನಿನ್ನೇನ ಹೇಳಿದ್ದೆ. ಚೀನಾದಿಂದ ಬರ್ಲಿಕ್ಕತ್ತಾರ ಅವ್ರು."

"ತೊಳಕೊಂಡ ಬಂದೀನ್ರಿ. ಇದು ತೊಗಲಿನ ವಾಸನಿ."

"ತೊಗಲಿಂದೋ, ನಿಮ್ಮ ಮಂದೀದೋ."

ಅವನು ಮೇಜಿನ ಮೇಲಿದ್ದ ಸೆಂಟಿನ ಡಬ್ಬಿ ತೆಗೆದುಕೊಂಡು ಕೋಣೆಯ ನಾಲ್ಕೂ ಮೂಲೆಗೆ ಹೊಡೆದ. ಆಮೇಲೆ, ಏನೋ ನೆನಪಾದವನಂತೆ, ಅವಳ ತಲೆಯ ಮೇಲೂ ಹೊಡೆದ. ದಾನವ್ವ ಕಣ್ಣು ಮುಚ್ಚಿಕೊಂಡು ನಿಂತಳು. ಮಲ್ಲಿಗೆಯ ಹೆಸರಿನ ಆ ನೀರು ಹುಬ್ಬಿನಿಂದ ಇಳಿದು ಬಾಯಿಗೆ ಬಂತು, ಕಹಿ.

ತಿರುಗಿ ಒಂದು ಮಾತು ಆಡಬಹುದಿತ್ತು. ಪಾಸಿನ ನೆನಪಾಗಿ ನುಂಗಿಕೊಂಡಳು.

ಝೋನಿನ ಗೇಟಿಗೆ ಆ ತಿಂಗಳಿಂದ ಹೊಸ ಮಷೀನು ಬಂದಿತ್ತು. ಹೆಬ್ಬೆಟ್ಟು ಒತ್ತಿದರೆ ಹಸಿರು ದೀಪ, ಗೇಟು ತಿರುಗುತ್ತದೆ. ದಾನವ್ವ ಒತ್ತಿದರೆ ಕೆಂಪು. ಒರೆಸಿ ಒತ್ತಿದಳು, ಎಣ್ಣೆ ಹಚ್ಚಿ ಒತ್ತಿದಳು, ಎಡಗೈಯದು ಒತ್ತಿದಳು. ಸುಣ್ಣ, ತೊಗಟೆಯ ನೀರು, ಸೆಳೆದು ಬಿಗಿಯುವ ಬಾರು, ಎಲ್ಲ ಕೂಡಿ ಅವಳ ಬೆರಳಿನ ಗೆರೆಗಳನ್ನು ಯಾವತ್ತೋ ತಿಂದು ಮುಗಿಸಿದ್ದವು. ಹನ್ನೊಂದು ವರ್ಷದಿಂದ ಒಳಗೆ ದುಡಿದವಳನ್ನು ಮಷೀನು ಹುಟ್ಟೇ ಇಲ್ಲದವಳ ಹಾಗೆ ನೋಡುತ್ತಿತ್ತು. ಹಳೆಯ ಕಾಗದದ ಪಾಸಿನ ಆಯುಷ್ಯ ಶನಿವಾರದವರೆಗೆ. ಪಾಸು ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಕ್ಯಾಂಟೀನಿನಲ್ಲಿ ಊಟವೂ ಇಲ್ಲ. ಅನಿಲಕುಮಾರನೇ ದಾರಿ ತೋರಿಸಿದ್ದ. ಚೀನಾದವರಿಗೆ ಕೊಡುವ ಚಪ್ಪಲಿಯನ್ನು ಅವಳು ಹೊಲಿದು ಕೊಡಬೇಕು, ಅವರು ಬಂದಾಗ ಪರದೆಯ ಹಿಂದೆ ಸುಮ್ಮನೆ ಕೂರಬೇಕು. ಸಂಜೆಯೊಳಗೆ ಹೆಬ್ಬೆಟ್ಟಿನ ಬದಲು ಕಣ್ಣಿನ ಫೋಟೋ ಹಿಡಿಸಿ ಪಾಸು ಮಾಡಿಸುತ್ತೇನೆ ಎಂದಿದ್ದ. ಅವನು ಧಾರವಾಡದವನು. ನಮ್ಮ ಕಡೆಯವನು ಎಂದು ದಾನವ್ವ ನಂಬಿದ್ದಳು.

ಚಪ್ಪಲಿ ಸಿದ್ಧವಾಗಿತ್ತು. ಅದರಲ್ಲಿ ಒಂದು ಮೊಳೆ ಇಲ್ಲ, ಅಂಟು ಇಲ್ಲ. ಎಳೆಯಂಥ ತೊಗಲಿನ ಬಾರನ್ನು ತೂತಿನಿಂದ ತೂತಿಗೆ ಹಾಯಿಸಿ ಅಟ್ಟೆ, ಪಟ್ಟಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಟ್ಟಿದಂತೆ ಹೆಣೆದಿದ್ದಳು. ಬಲಗಾಲಿನ ಚಪ್ಪಲಿಯ ಕೊನೆಯ ಗಂಟನ್ನು ಮಾತ್ರ ಹಾಕಿರಲಿಲ್ಲ. ಅಪ್ಪನ ರೀತಿ ಅದು. ತೊಡುವವರು ಕಾಲಿಟ್ಟ ಮೇಲೆ, ಅವರ ಪಾದ ನೋಡಿ, ಆ ಗಂಟು ಬಿಗಿಯಬೇಕು. ಅದಕ್ಕೆ ಮುಂಚೆ ಕಟ್ಟಿದರೆ ಅದು ಅಂಗಡಿಯ ಚಪ್ಪಲಿ. ಬಿಟ್ಟಿದ್ದೇನೆಂದು ಅನಿಲಕುಮಾರನಿಗೆ ಹೇಳಿದ್ದಳು. ಮಾಧುರಿ ಕಟ್ಟುವಂತೆ ನಟಿಸುತ್ತಾಳೆ, ಯಾರೂ ಕಾಲು ಇಡುವುದಿಲ್ಲ ಎಂದು ಅವನು ಕೈ ಬೀಸಿದ್ದ.

ಮಾಧುರಿ ಪ್ಯಾಕಿಂಗಿನ ಹುಡುಗಿ, ಬೊರಿವಲಿಯಿಂದ ಬರುವವಳು. ಚಪ್ಪಲಿ ಹೊಲಿದವಳು ಇವಳೇ ಎಂದು ತೋರಿಸಲು ಅವಳಿಗೆ ಹೊಸ ಸೀರೆ ಉಡಿಸಿ, ಮುಡಿಗೆ ಹೂವಿಟ್ಟು, ಮಣೆಯ ಮೇಲೆ ಕೂರಿಸಿದ್ದರು. ಬಂದು ಪರದೆ ಸರಿಪಡಿಸುವ ನೆಪದಲ್ಲಿ ಅವಳು ದಾನವ್ವನ ಕೈಗೆ ತನ್ನ ಕರವಸ್ತ್ರ ಕೊಟ್ಟು, "ಮೌಶಿ, ಮುಖ ಒರೆಸ್ಕೋ," ಎಂದು ಪಿಸುಗುಟ್ಟಿದಳು.

ಹನ್ನೊಂದಕ್ಕೆ ಅತಿಥಿಗಳು ಬಂದರು. ಐದು ಜನ ಗಂಡಸರು, ಅವರೆಲ್ಲರ ಯಜಮಾನಿಯಾಗಿ ಕತ್ತರಿಸಿದ ನರೆಗೂದಲಿನ ಒಬ್ಬ ಹೆಂಗಸು. ಜೊತೆಗೆ ಅವರ ಮಾತನ್ನು ತಿರುಗಿಸಿ ಹೇಳಲು ವಿಲೆ ಪಾರ್ಲೆಯ ಕನ್ನಡದ ಹುಡುಗಿ ಶೈಲಾ. ಅನಿಲಕುಮಾರ ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದ. ಚೀನಾದ ಕಡಲ ದಂಡೆಯ ಒಂದು ಝೋನು: ಮೊದಲು ಮೀನುಗಾರರ ಗುಡಿಸಲು, ಈಗ ಮುಗಿಲು ಮುಟ್ಟುವ ಬಿಲ್ಡಿಂಗು. ನೀವು ದುಡ್ಡು ಹಾಕಿದರೆ ಈ ಖಾಡಿಯೂ ಹಾಗೇ ಆಗುತ್ತದೆ ಎಂದ. ಪರದೆಯ ಸಂದಿನಿಂದ ನೋಡುತ್ತಿದ್ದ ದಾನವ್ವನಿಗೆ, ಆ ಗುಡಿಸಲಿನವರು ಆಮೇಲೆ ಎಲ್ಲಿಗೆ ಹೋದರು ಎಂಬುದೊಂದೇ ತಿಳಿಯಲಿಲ್ಲ.

ಚಪ್ಪಲಿ ತೋರಿಸುವ ಹೊತ್ತು ಬಂತು. ಆ ಹೆಂಗಸು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹೊಲಿಗೆಯ ಮೇಲೆ ಉಗುರು ಆಡಿಸಿದಳು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದಳು. ಬೂಟು ಕಳಚಿ, ಕಾಲುಚೀಲ ತೆಗೆದು, ಬಲಗಾಲನ್ನು ಚಪ್ಪಲಿಯೊಳಗೆ ಇಟ್ಟು ಮಾಧುರಿಯ ಮುಂದೆ ಚಾಚಿದಳು.

ಮಾಧುರಿ ಬಾರಿನ ತುದಿ ಹಿಡಿದಳು. ಒಣಗಿದ ಬಾರು ತೂತಿಗೆ ಹೋಗಲಿಲ್ಲ. ಇನ್ನೊಮ್ಮೆ ತೂರಿದಳು. ತೂತು ಹಿಗ್ಗಿಸಲು ಎತ್ತಿಕೊಂಡ ಆರಿಯ ಮೊನೆ ಬೆರಳಿಗೆ ಹೊಕ್ಕಿತು. ರಕ್ತ ಸೀರೆಯ ಮೇಲೆ ಬಿತ್ತು. ಹುಡುಗಿ ಅಳಲಿಲ್ಲ, ಪರದೆಯ ಕಡೆ ನೋಡಿದಳು.

ಅನಿಲಕುಮಾರ ಪರದೆಯೊಳಗೆ ಬಂದ. ಬೆವತಿದ್ದ. "ಏಳ, ಏಳ. ಗಂಟು ಹಾಕಿ ಬಂದುಬಿಡು. ಬಾಯಿ ತೆಗದಿ ಅಂದ್ರ ನೋಡು, ಹಲ್ಕಟ್ ರಂಡಿ."

"ಪಾಸ್ರೀ?"

"ಕೊಡಸ್ತೀನಿ ಅಂದೆನಲ್ಲ. ನಡಿ."

ದಾನವ್ವ ಹೋಗಿ ನೆಲದ ಮೇಲೆ ಕೂತಳು. ಬಾರಿನ ತುದಿಯನ್ನು ಬಾಯಲ್ಲಿಟ್ಟು ತೇವ ಮಾಡಿದಳು. ಆರಿಯನ್ನು ತಲೆಗೂದಲಲ್ಲಿ ಎರಡು ಸಲ ತೀಡಿ ಎಣ್ಣೆ ಹತ್ತಿಸಿದಳು. ಗಂಡಸರಲ್ಲಿ ಯಾರೋ ಮುಖ ಸಿಂಡರಿಸಿದರು. ಆ ಹೆಂಗಸು ಕಾಲು ಹಿಂದೆಗೆಯಲಿಲ್ಲ. ಅವಳ ಹಿಮ್ಮಡಿಯಲ್ಲಿ ಹಳೆಯ ಒಡಕುಗಳಿದ್ದವು. ಬಹಳ ವರ್ಷ ಬರಿ ನೆಲದಲ್ಲಿ ನಿಂತು ದುಡಿದ ಕಾಲು ಅದು ಎಂದು ದಾನವ್ವನಿಗೆ ಕೈ ತಾಗಿದೊಡನೆ ತಿಳಿಯಿತು. ಹೆಂಗಸು ಬಗ್ಗಿ ದಾನವ್ವನ ಬೆರಳುಗಳನ್ನು ನೋಡುತ್ತಾ ಏನೋ ಕೇಳಿದಳು.

"ಇದನ್ನ ಹೊಲಿದಿದ್ದು ಇವರೇನಾ ಅಂತ ಕೇಳ್ತಿದಾರೆ," ಎಂದಳು ಶೈಲಾ.

ಅನಿಲಕುಮಾರ ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅದರಲ್ಲಿ ಒಂದು ಶಬ್ದ ದಾನವ್ವನಿಗೆ ಗೊತ್ತಿತ್ತು. ಸ್ವೀಪರ್.

ಅವಳ ಕೈ ಗಂಟಿನ ಅರ್ಧದಲ್ಲಿ ನಿಂತಿತು. ಈ ಗಂಟು ಬಿಗಿದರೆ ಸಂಜೆಗೆ ಪಾಸು. ಅತಿಥಿಗಳ ಲೆಕ್ಕದಲ್ಲಿ ಬಿಗಿಯುವ ಕೈ ಕಸ ಹೊಡೆಯುವವಳದು, ಹೊಲಿದ ಕೈ ಮಾಧುರಿಯದು. ಸೋಮವಾರ ಮತ್ತೆ ಪರದೆ.

ಬಾರಿನ ತುದಿಯನ್ನು ಹಿಂದಕ್ಕೆ ಎಳೆದಳು. ಒಂದು ತೂತು ಬಿಟ್ಟುಕೊಟ್ಟಿತು. ಇನ್ನೊಂದು. ಅವಸರ ಮಾಡದೆ, ಹೊಲಿದಷ್ಟೇ ಒಪ್ಪವಾಗಿ ಎಳೆಯುತ್ತಾ ಹೋದಳು. ಪಟ್ಟಿ ಸಡಿಲಿತು, ಅಟ್ಟೆಯ ಪದರ ಬಾಯಿ ಬಿಟ್ಟಿತು. ಅನಿಲಕುಮಾರ ಅವಳ ರಟ್ಟೆ ಹಿಡಿದ. ಆ ಹೆಂಗಸು ಕೈಯೆತ್ತಿದಳು. ಅವನು ಬಿಟ್ಟ.

ಬಾರನ್ನು ಸುರುಳಿ ಸುತ್ತಿ ಅಂಗೈಯಲ್ಲಿಟ್ಟುಕೊಂಡು ದಾನವ್ವ ಶೈಲಾಳ ಮುಖ ನೋಡಿದಳು.

"ತಂಗೀ, ನೀ ಹೇಳು ಅವ್ರಿಗೆ. ನನ್ನ ಹೆಬ್ಬಟ್ಟ ಇವ್ರ ಮಷೀನಿಗೆ ಗೊತ್ತಾಗೂದಿಲ್ಲ. ನನ್ನ ಹೊಲಿಗಿ ನನಗ ಗೊತ್ತೈತಿ. ಅದಕ ತಗೊಂಡು ಹೊಂಟೀನಿ."

ಶೈಲಾ ಅನಿಲಕುಮಾರನ ಕಡೆ ನೋಡದೆ ಚೀನಾದ ಮಾತಿನಲ್ಲಿ ಹೇಳಿದಳು. ಮೆಲ್ಲಗೆ ಹೇಳಿದಳು, ದಾನವ್ವ ಆಡಿದ್ದಕ್ಕಿಂತ ಬಹಳ ಹೊತ್ತು ಹೇಳಿದಳು. ಏನು ಹೇಳಿದಳೋ ಅಲ್ಲಿದ್ದ ನಮ್ಮವರಲ್ಲಿ ಯಾರಿಗೂ ತಿಳಿಯಲಿಲ್ಲ. ಹೆಂಗಸು ಬಿಚ್ಚಿದ ಅಟ್ಟೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದು ಕಾಲಿಗೆ ಬೂಟು, ಒಂದು ಬರಿಗಾಲು, ಹಾಗೇ ಕೂತಿದ್ದಳು.

ಗೇಟಿನಲ್ಲಿ ವಾಚ್‌ಮನ್ ಹಳೆಯ ಪಾಸನ್ನು ಇಸಿದುಕೊಂಡು ಕತ್ತರಿಯಿಂದ ಎರಡು ಮಾಡಿದ. ಫೋನು ಬಂದಿತ್ತು ಎಂದ. ದಾನವ್ವ ಹೊರಗೆ, ಕಬ್ಬಿಣದ ಸರಳುಗಳ ಆಚೆ, ಬಸ್ಸಿಗಾಗಿ ಕೂತಳು. ಬೆಳಿಗ್ಗೆಯಿಂದ ಬಾಯಿಗೆ ಬಿದ್ದದ್ದು ಆ ಸೆಂಟಿನ ನೀರು ಮಾತ್ರ. ಒಳಗೆ ಊಟದ ಗಂಟೆ ಹೊಡೆಯಿತು.

ಕ್ಯಾಂಟೀನು ನಡೆಸುವವಳು ಉಡುಪಿ ಕಡೆಯ ವಾರಿಜಾ. ತೊಗಲಿನ ವಿಭಾಗದವರಿಗೆ ಹಿಂದಿನ ಕಿಟಕಿ, ಕಾಗದದ ತಟ್ಟೆ. ಬೇರೆಯವರಿಗೆ ಒಳಗೆ ಬೆಂಚು, ಸ್ಟೀಲಿನ ತಟ್ಟೆ. ಹಾಗೆಂದು ಆಫೀಸಿನ ಆದೇಶ. ಹನ್ನೊಂದು ವರ್ಷ ವಾರಿಜಾ ಅದನ್ನು ಮೀರಿರಲಿಲ್ಲ. ಕಿಟಕಿಯಿಂದ ಒಂದು ಹೋಳು ಉಪ್ಪಿನಕಾಯಿ ಹೆಚ್ಚು ಹಾಕುತ್ತಿದ್ದಳು, ಅಷ್ಟೇ.

ಈಗ ಅವಳು ಸಾಲಿನಲ್ಲಿ ನಿಂತಿದ್ದವರನ್ನು ಬಿಟ್ಟು ಬಿಸಿಲಿನಲ್ಲಿ ನಡೆದು ಬರುತ್ತಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ತವರಿನವರು ಕೊಟ್ಟದ್ದು, ಮುಚ್ಚಳದ ಮೇಲೆ ಅವಳದೇ ಹೆಸರು ಕೊರೆದದ್ದು, ತಾನು ಮಾತ್ರ ಉಣ್ಣುವಂಥದ್ದು. ಸರಳಿನ ಸಂದಿಯಲ್ಲಿ ಅದು ತೂರಲಿಲ್ಲ. ಓರೆ ಮಾಡಿದರೆ ಸಾರು ಚೆಲ್ಲುತ್ತದೆ.

"ಎಲ್ಲಿಗೆ? ಊಟದ ಹೊತ್ತಿಗೆ ಹೊರಗೆ ಹೋಗಬಾರದು," ಎಂದ ವಾಚ್‌ಮನ್.

ವಾರಿಜಾ ಡಬ್ಬಿಯನ್ನು ಎಡಗೈಗೆ ದಾಟಿಸಿದಳು. ಸೀರೆಗೆ ಕೈ ಒರೆಸಿಕೊಂಡು ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿದಳು. ಹಸಿರು ದೀಪ ಹತ್ತಿತು. ಹೊರಗೆ ಬಂದು, ಬಗ್ಗಿ, ಡಬ್ಬಿಯನ್ನು ಎರಡೂ ಕೈಯಲ್ಲಿ ದಾನವ್ವನ ಮುಂದೆ ಹಿಡಿದಳು.