ತವಾಯಾನ ಕಪ್ಪು ಮಣ್ಣು

ನಮ್ಮೂರ ಮುದುಕ ತವಾಯಾ ಕಡಲಿಗೆ ಬೆನ್ನು ತೋರಿಸಿ ನಿಂತದ್ದನ್ನು ನಾನು ಕಂಡಿಲ್ಲ. ಒಂದು ಮಗ್ಗುಲಿಗೆ ಹೊರಗಡಲು, ಇನ್ನೊಂದಕ್ಕೆ ಒಳಗಡಲು ಇರುವ, ಪೆಸಿಫಿಕ್ ಸಾಗರದ ನಮ್ಮ ಕಿರಿಬಾಸ್ ದ್ವೀಪದಲ್ಲಿ ಅದೇನು ಸುಲಭವೇ? ಬಯಲು ದಾಟುವಾಗಲೆಲ್ಲ ಆತ ಏಡಿಯಂತೆ ಅಡ್ಡಡ್ಡ ಹೆಜ್ಜೆಯಿಡುತ್ತ, ಕತ್ತನ್ನು ಎಡಬಲಕ್ಕೆ ಹೊರಳಿಸುತ್ತ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ನಡೆಯುತ್ತಿದ್ದ.

ಅವನ ಪ್ರಾಣವಿದ್ದದ್ದು ಕೆಸುವಿನ ಗುಂಡಿಯಲ್ಲಿ. ಬಿಳಿ ಹವಳದ ಪುಡಿಯೇ ನೆಲವಾಗಿರುವ ನಮ್ಮಲ್ಲಿ ಮಣ್ಣು ಸಿಗುವುದಿಲ್ಲ, ಅದನ್ನು ಮಾಡಿಕೊಳ್ಳಬೇಕು. ಹಿರಿಯರು ಸಿಹಿನೀರು ತಗಲುವವರೆಗೆ ತೋಡಿಟ್ಟ ಆ ಗುಂಡಿಯಲ್ಲಿ, ಪ್ರತಿ ಗಿಡದ ಬುಡಕ್ಕೂ ಕೇದಗೆ ಗರಿಯ ತಳವಿಲ್ಲದ ಬುಟ್ಟಿ ಹೆಣೆದು, ಒಣಗಿಸಿ ಹಿಸುಕಿದ ಎಲೆಗಳನ್ನು ಪದರಪದರವಾಗಿ ತುಂಬಿ ಕೊಳೆಸಿ, ಅವನು ಕಾಡಿಗೆಯಂಥ ಮಣ್ಣನ್ನು ಸೃಷ್ಟಿಸಿದ್ದ. ಯಾವ ಎಲೆ, ಎಷ್ಟು ಪಾಲು ಎಂಬುದು ಮನೆತನದ ಗುಟ್ಟು. ಮಗಳು ಮೀರೆಗೂ ಅರ್ಧವಷ್ಟೇ ತಿಳಿದಿತ್ತು.

ಆ ವರ್ಷ ಪಡುವಣ ಗಾಳಿಯೂ ದೊಡ್ಡ ಉಬ್ಬರವೂ ಒಂದೇ ಮಧ್ಯಾಹ್ನ ಕೂಡಿಬಂದವು. ಕಡಲು ದಂಡೆ ಹತ್ತಿ ಊರೊಳಕ್ಕೆ ಹರಿಯತೊಡಗಿದಾಗ ನಾವೆಲ್ಲ ಎತ್ತರದ ಸಭಾಮನೆಗೆ ಓಡಿದರೆ, ಕಡಲ ಹೆಸರಿಗೇ ನಡುಗುತ್ತಿದ್ದ ತವಾಯಾ ಗುಂಡಿಗೆ ಇಳಿದಿದ್ದ. ಮೀರೆ ಹಿಂದೆಯೇ ಓಡಿದಳು. ಅವಳ ಹಿಂದೆ ನಾನು.

"ಅಪ್ಪಾ, ಮೇಲೆ ಬಾ! ಗಿಡ ಹೋದ್ರೆ ಹೋಗ್ಲಿ!"

"ಗಿಡ ಯಾರಿಗೆ ಬೇಕೇ? ಮಣ್ಣು, ಮಣ್ಣು! ಬುಟ್ಟಿ ಹಿಡಿ!"

ಅವನ ಹಲ್ಲುಗಳು ಕಟಕಟನೆ ಕುಟ್ಟಿಕೊಳ್ಳುತ್ತಿದ್ದರೂ ಕೈಗಳು ಬಾಚುತ್ತಲೇ ಇದ್ದವು. ನಾವು ಅವನನ್ನು ಮೇಲಕ್ಕೆ ಎಳೆದುಕೊಂಡ ಮರುಕ್ಷಣವೇ ಉಪ್ಪುನೀರು ಗುಂಡಿಯನ್ನು ನುಂಗಿತು. ಉಳಿದದ್ದು ಎರಡು ಬುಟ್ಟಿ ಮಣ್ಣು, ಒಂದು ಹಿಡಿ ಮರಿಗೆಡ್ಡೆ.

ಊರಿನ ಕೆಸುವೆಲ್ಲ ಅಂಚಿನಿಂದ ಹಳದಿಯಾಗಿ, ಬುಡದಲ್ಲಿ ಕೊಳೆತು ನಾರಿತು. ಸಭೆ ಸೇರಿದ ದಿನ ತವಾಯಾ ಎದ್ದು ನಿಂತ.

"ನಂಗೆ ಹೆದ್ರಿಕೆ ಆಗ್ತಿದೆ."

"ನಿಂಗೆ ಹೆದ್ರಿಕೆ ಆಗ್ದೆ ಇದ್ದಿದ್ದು ಯಾವತ್ತು ತಾತ?" ಎಂದನೊಬ್ಬ. ನಗೆ ಎದ್ದಿತು.

"ಇದು ಬೇರೆ ಹೆದ್ರಿಕೆ ಕಣಪ್ಪ. ನಾಳೆ ನಾನು ಸತ್ರೆ ಈ ಕಪ್ಪು ಮಣ್ಣು ಮಾಡೋ ವಿದ್ಯೆನೂ ನನ್ ಜೊತೆನೇ ಸಾಯುತ್ತೆ."

ಆಮೇಲೆ, ಹಲಸಿನ ತಂಗಿಯಂತಿರುವ ದೀಗುಜ್ಜೆಯ ಎಲೆಯಿಂದ ಹಿಡಿದು ದಂಡೆಯ ಹಳದಿ ಹೂವಿನ ಪೊದೆಯವರೆಗೆ, ಯಾವುದನ್ನು ಬಾಡಿಸಬೇಕು, ಯಾವುದನ್ನು ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ, ಎಲ್ಲವನ್ನೂ ಹೇಳಿಬಿಟ್ಟ. ಮೀರೆ ತಲೆತಗ್ಗಿಸಿ ಅಳುತ್ತಿದ್ದಳು.

"ಮನೆ ಗುಟ್ಟನ್ನ ಬೀದೀಗೆ ಹಾಕ್ದೆಯಲ್ಲಪ್ಪ," ಎಂದಳು ಮನೆಗೆ ಮರಳುವ ದಾರಿಯಲ್ಲಿ.

"ಗುಂಡಿನೇ ಇಲ್ದ ಮೇಲೆ ಗುಟ್ಟು ಇಟ್ಕೊಂಡು ಏನ್ಮಾಡ್ಲಿ ಮಗಾ?"

ನಾವು ಉಪ್ಪುಕೆಸರನ್ನು ಮೊಗೆದೆವು. ಮಳೆಗಳು ಬಂದು ಬಂದು ಗುಂಡಿಗಳನ್ನು ತೊಳೆದವು. ಅವನ ಎರಡು ಬುಟ್ಟಿ ಮಣ್ಣು ಹಿಡಿಹಿಡಿಯಾಗಿ ಎಲ್ಲರ ಎಲೆಗುಪ್ಪೆಗೆ ಹೆಪ್ಪಾಯಿತು. ದಂಡೆಯ ಕಡೆಯ ಗುಂಡಿಗಳು ಮತ್ತೆ ಚಿಗುರಲೇ ಇಲ್ಲ. ಊರ ನಡುವಿನವುಗಳಲ್ಲಿ ಕೆಸು ಎದ್ದಿತು, ಮೊದಲಿನದಕ್ಕಿಂತ ಗಿಡ್ಡಗೆ.

ಅಂಜುವವರ ಜೊತೆ ಬಾಳುವುದು ಕಷ್ಟ. ಅವರ ದಿಗಿಲು ನಮ್ಮ ನಿದ್ದೆಗೂ ಇಳಿಯುತ್ತದೆ. ಆದರೆ ಕೈಯಲ್ಲಿರುವುದು ಹೋಗಿಬಿಡಬಹುದೆಂದು ಅನುಕ್ಷಣ ಅರಿತ ಇಂಥವರೇ ಅದನ್ನು ಕೊಟ್ಟುಬಿಡುವುದನ್ನೂ ಬಲ್ಲರು. ನಿರ್ಭಯರಾದ ನಾವು ನಾಳೆ ಕೊಟ್ಟರಾಯಿತೆಂದು ಮುಷ್ಟಿ ಬಿಗಿದು ಕೂತಿರುತ್ತೇವೆ.