ಸೀಟಿನ ಕೆಳಮಗ್ಗುಲು

ಕಾಗದ ಕೈಗೆ ಬಂದ ದಿನವೇ ಅಣ್ಣ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಮ್ಮನ ಸೀಟು ಹೊಲಿಯುವ ಅಂಗಡಿಗೆ ಬಂದ. ಬಂದವನು ಕೂರಲಿಲ್ಲ. ಬಾಗಿಲ ಬಳಿ ಒಟ್ಟಿದ್ದ ಟ್ರ್ಯಾಕ್ಟರ್ ಸೀಟುಗಳನ್ನು, ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವವನ ಹಾಗೆ, ಒಂದೊಂದಾಗಿ ಒತ್ತಿ ನೋಡಿದ.

"ಸ್ಪಂಜು ಗಟ್ಟಿಯಾಯ್ತಲ್ಲೋ."

"ಟ್ರ್ಯಾಕ್ಟರಿಗೆ ಗಟ್ಟೀನೇ ಇರಬೇಕು. ಮೆತ್ತಗಿದ್ರೆ ಎರಡೇ ತಿಂಗಳಿಗೆ ಚಪ್ಪಟೆ."

"ಕಾರಿಗೆ?"

ತಮ್ಮನ ಕೈಯ ಸೂಜಿ ನಿಂತಿತು. ಅಣ್ಣನ ಬಾಯಲ್ಲಿ ಕಾರು ಅಂದರೆ ಒಂದೇ ಕಾರು.

ಮೂವತ್ತೊಂದು ವರ್ಷದ ಹಿಂದೆ, ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ನೀರಿನ ಪಂಪು ರಿಪೇರಿ ಮಾಡಲು ಹೋದಾಗ ಅಣ್ಣ ಅದನ್ನು ಕಂಡಿದ್ದ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಪಂದ್ಯದ ಕಾರು. ಒಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಕೂಲಿಯ ಬದಲು ಅದನ್ನೇ ಕೇಳಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಕಾರ್ಖಾನೆ ಅಂಥ ಕಾರುಗಳನ್ನು ಸಾವಿರಗಟ್ಟಲೆ ಮಾಡಿತ್ತು. ಅದರಲ್ಲಿ ಪಂದ್ಯಕ್ಕೆಂದೇ ಹಗುರವಾಗಿ ಮಾಡಿದ್ದು ನಲವತ್ತೇ ನಲವತ್ತು. ನೋಡಲು ಎರಡೂ ಅಕ್ಕತಂಗಿಯರ ಹಾಗೆ. ಸಾಮಾನ್ಯ ಕಾರಿಗೆ ಪಂದ್ಯದ ವೇಷ ಹಾಕಿ ಮಾರುವವರಿಗೆ ಲೋಕದಲ್ಲಿ ಬರವಿಲ್ಲ. ತನ್ನದು ಆ ನಲವತ್ತರಲ್ಲಿ ಒಂದು ಎಂದು ಅಣ್ಣ ಹೇಳಿದ; ಊರು ನಂಬಲಿಲ್ಲ. ಆಗ ಇಪ್ಪತ್ತರ ಹರೆಯದಲ್ಲಿದ್ದ ತಮ್ಮ, ಒಂದು ಮದುವೆ ಊಟದ ಸಾಲಿನಲ್ಲಿ, "ನಮ್ಮಣ್ಣಂದೆಲ್ಲಾ ಒರಿಜಿನಲ್ಲು. ಚಪ್ಪಲೀನೂ ಒರಿಜಿನಲ್ಲೇ, ಬೇಕಾದ್ರೆ ನಂಬರ್ ನೋಡಿ" ಎಂದು ನಗಿಸಿದ. ಅಷ್ಟೆ. ಅಂದಿನಿಂದ ಊರಿಗೆ ಅಣ್ಣ 'ಒರಿಜಿನಲ್' ಆದ. ಅವನ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿಯಿತು. ಆಡಿದವನಿಗೆ ಅದು ಒಂದು ಹೊತ್ತಿನ ತಮಾಷೆ. ಹೊತ್ತವನಿಗೆ ಮೂವತ್ತು ವರ್ಷದ ಮೂಟೆ.

"ಆ ನಲವತ್ತು ಕಾರಿನ ಪಟ್ಟಿ ಇಟ್ಟುಕೊಂಡಿರೋ ಸಂಘದವರು ಬಂದು ನೋಡೋಕೆ ಒಪ್ಪಿದ್ದಾರೆ," ಅಣ್ಣ ಕಾಗದ ತೆಗೆದ. ಅದು ಅವನ ಬೆರಳುಗಳ ನಡುವೆ ಪಟಪಟ ಅಂದಿತು. ಹೋದ ವರ್ಷದಿಂದ ಅವನ ಕೈ ನಡುಗುತ್ತಿತ್ತು. "ಇನ್ನು ಹದಿನೆಂಟು ದಿನಕ್ಕೆ ಒಬ್ಬರು ಬರ್ತಾರೆ. ಅವರು ಹ್ಞೂಂ ಅಂದ್ರೆ ಪಟ್ಟಿಗೆ ಸೇರತ್ತೆ. ಈ ವರ್ಷ ಕಳೆದ್ರೆ ಪಟ್ಟಿ ಮುಚ್ತಾರಂತೆ."

"ಒಳ್ಳೇದಾಯ್ತಲ್ಲ."

"ಬಂದವರು ಕೂತು ನೋಡೇ ನೋಡ್ತಾರೆ. ಈಗ ಕೂತ್ರೆ ಸ್ಪ್ರಿಂಗು ಚುಚ್ಚತ್ತೆ. ಎಲ್ಲಾ ನಾನೇ ಮಾಡ್ಕೊಂಡೆ, ಸೀಟು ಮಾತ್ರ ಕೈಗೆ ಬಗ್ಗಲಿಲ್ಲ." ಸ್ವಲ್ಪ ತಡೆದು ಹೇಳಿದ: "ನೀನು ಮಾಡಿಕೊಡ್ತೀಯಾ?"

ಮೂವತ್ತೊಂದು ವರ್ಷದಲ್ಲಿ ಅಣ್ಣ ಕೇಳಿದ ಮೊದಲ ಸಹಾಯ ಅದು. ತಮ್ಮ ಆ ಮದುವೆ ಊಟದ ಮಾತನ್ನು ನೆನೆದು, ಆಗಲೇ ಎದ್ದು ಅಳತೆ ಟೇಪು ಹುಡುಕಿದ.

ಬಂದಿದ್ದ ಬೇರೆ ಕೆಲಸಗಳನ್ನೆಲ್ಲ ಗೋಡೆಗೆ ಸರಿಸಿದ. ಹಳೆಯ ಚರ್ಮ ಹೊಲಿಗೆಯುದ್ದಕ್ಕೂ ಸೀಳಿತ್ತು. ಬಿಚ್ಚಿದರೆ ಒಳಗೆ ನಾರು, ಕುದುರೆ ಕೂದಲು, ಇಲಿ ಕಟ್ಟಿದ ಗೂಡು, ಹುಳು. ಚರ್ಮದ ತುಂಡುಗಳನ್ನು ನಮೂನೆಗೆಂದು ಕಾಗದದ ಮೇಲೆ ಹರವಿ ಗುರುತು ಹಾಕಿಕೊಂಡ. ಆಮೇಲೆ ಒಂದು ತುಂಡನ್ನೂ ಉಳಿಸದೆ ನಾರಿನ ಜೊತೆ ಹಿತ್ತಲಲ್ಲಿ ಸುಟ್ಟ. ಹುಳು ಇದ್ದ ಮಾಲನ್ನು ಅಂಗಡಿಯಲ್ಲಿ ಇಡಬಾರದು ಎನ್ನುವುದು ಅವನ ಕಸುಬಿನ ಮೊದಲ ಪಾಠ. ಕೆಳಗೆ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು, ಸೊಂಟ ತಾಗುವಲ್ಲಿ ಅಂಗೈ ದಪ್ಪ ಹೆಚ್ಚು. ಕೂತು ನೋಡಿದ, ಎದ್ದ, ಸ್ಪಂಜನ್ನು ಎರಡೆಳೆಯಷ್ಟು ಕೆತ್ತಿದ, ಮತ್ತೆ ಕೂತ.

ಕೊನೆಗೆ ಉಳಿದದ್ದು ಸೀಟಿನ ಅಡಿಯ ತಗಡಿನ ತಟ್ಟೆ. ಕಾರಿನ ನೆಲಕ್ಕೆ ಮುಖ ಮಾಡಿ ಕೂರುವ ಮಗ್ಗುಲು ಅದು. ಅದನ್ನು ನೋಡುವವರು ಯಾರೂ ಇಲ್ಲ. ಬೇರೆಯವನಾಗಿದ್ದರೆ ಒರೆಸಿ ಬಿಡುತ್ತಿದ್ದ. ಇವನಿಗೆ ಕೆಲಸ ಕಲಿಸಿದ ಮುದುಕ ಕಾಣದ ಮಗ್ಗುಲನ್ನೇ ಮೊದಲು ತಿರುಗಿಸಿ ನೋಡುತ್ತಿದ್ದವನು, ಅಲ್ಲಿ ಕೊಳೆ ಕಂಡರೆ ಕೂಲಿ ಹಿಡಿಯುತ್ತಿದ್ದವನು. ತಮ್ಮ ತಂತಿ ಬ್ರಷ್ಷು ತೆಗೆದುಕೊಂಡು ತುಕ್ಕು ಕೆರೆದ. ತುಕ್ಕಿನ ನಡುವೆ ನೀಲಿ ಬಳಪದಲ್ಲಿ ಏನೋ ಗೀಚಿತ್ತು, ಮೂರ್ನಾಲ್ಕು ಅಂಕಿ. ಗುಜರಿಯವನು ತೂಕ ಬರೆದುಕೊಂಡಿರಬೇಕು ಎಂದುಕೊಂಡ. ಬ್ರಷ್ಷು ಅದರ ಮೇಲೂ ಹೋಯಿತು. ಎರಡನೆಯ ಸೀಟಿನ ಅಡಿಯಲ್ಲೂ ಅದೇ ನೀಲಿ ಇತ್ತು. ಒಂದು ಮಾಡಿದವನು ಇನ್ನೊಂದನ್ನು ಬಿಟ್ಟಾನೆಯೇ? ತಗಡು ಕನ್ನಡಿಯಂತಾಗುವವರೆಗೆ ಉಜ್ಜಿ, ಕೆಂಪು ಪ್ರೈಮರ್ ಹೊಡೆದು, ಒಣಗಿಸಿ, ಎರಡು ಕೋಟು ಕಪ್ಪು ಬಣ್ಣ ಕೊಟ್ಟ.

ಸೀಟು ಕೂರಿಸಿದ ದಿನ ಅತ್ತಿಗೆ ಕಾರು ನಿಂತಿದ್ದ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು.

"ನಮ್ಮನೆ ಮಂಚಕ್ಕೆ ಇಂಥ ಹಾಸಿಗೆ ಇಲ್ಲ ಮೈದುನಪ್ಪ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಮ್ಮಣ್ಣ ಇದನ್ನ ಹೆರಲೂ ಇಲ್ಲ."

"ಒಂದ್ಸಲ ಕೂತು ನೋಡಿ ಅತ್ತಿಗೆ."

"ಅಷ್ಟು ಕೆಳಗೆ ಕೂತ್ರೆ ಎಬ್ಬಿಸೋಕೆ ಟ್ರ್ಯಾಕ್ಟರೇ ಬೇಕು."

ಅಣ್ಣ ಕೂತ. ಸ್ಟೇರಿಂಗ್ ಮೇಲೆ ಇಟ್ಟ ಕೈ ಅಷ್ಟು ಹೊತ್ತು ನಡುಗಲಿಲ್ಲ. ಎದ್ದು, ಸೀಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದ. ತಮ್ಮನಿಗೆ ಅಷ್ಟು ಸಾಕಾಗಿತ್ತು.

ಸಂಘದಿಂದ ಬಂದವರು ಐವತ್ತು ದಾಟಿದ ಹೆಂಗಸು. ಮೊಣಕಾಲಿಗೆ ಮೆತ್ತೆ ಕಟ್ಟಿಕೊಂಡು, ಕೋಲಿನ ತುದಿಗೆ ಕಟ್ಟಿದ ಸಣ್ಣ ಕನ್ನಡಿ, ಟಾರ್ಚು, ಒಂದು ಫೈಲು ಹಿಡಿದು ಬೆಳಿಗ್ಗೆಯೇ ಕಾರಿನ ಕೆಳಗೆ ಹೋದರು. ನೀರು ಬೇಕೆ ಅಂದರೆ ಬೇಡ, ಕುರ್ಚಿ ಬೇಕೆ ಅಂದರೆ ಬೇಡ. ತಗಡಿನ ದಪ್ಪ ಅಳೆದರು. ತಗಡು ಜೋಡಿಸಿದ ರಿವೆಟ್ಟುಗಳನ್ನು ಎಣಿಸಿದರು. ಅಣ್ಣ ಅವರ ಹಿಂದೆ ಹಿಂದೆಯೇ ತಿರುಗುತ್ತಿದ್ದ, ಹೆರಿಗೆ ಕೋಣೆಯ ಹೊರಗಿನ ಗಂಡಸಿನ ಹಾಗೆ.

ಹೊತ್ತು ನೆತ್ತಿಗೇರಿದಾಗ ಅವರು ಎದ್ದು ಕೈ ಒರೆಸಿಕೊಂಡರು.

"ತಗಡು ಸರಿಯಾಗಿದೆ. ರಿವೆಟ್ಟೂ ಸರಿ. ಆದ್ರೆ ಇವನ್ನ ಆಮೇಲೂ ಮಾಡಿಸಬಹುದು, ಮಾಡಿಸಿದೋರ್ನ ನಾನು ನೋಡಿದ್ದೀನಿ. ಚಾಸಿ ನಂಬರ್ ಇರೋ ಕಡೆ ಕತ್ತರಿಸಿ ಬೇರೆ ಕಬ್ಬಿಣ ಸೇರಿಸಿದ್ದಾರೆ."

"ನಾನು ತರೋ ಮುಂಚೇನೇ ಹಾಗಿತ್ತು ಮೇಡಂ. ಎಲ್ಲೋ ಗುದ್ದಿಸಿದ್ರಂತೆ."

"ಇರಬಹುದು. ಇಂಜಿನ್ನೂ ಬದಲಾಗಿದೆ. ಸ್ಟೇರಿಂಗ್ ಮುಂದಿನ ಮರದ ಹಲಗೆ? ಅದರ ಹಿಂದೆ ನಂಬರ್ ಇರತ್ತೆ."

"ಗೆದ್ದಲು ತಿಂದಿತ್ತು. ಹೊಸದು ನಾನೇ ಕೂರಿಸಿದೆ."

ಅವರು ಮೊದಲ ಸಲ ನಕ್ಕರು. "ಪರವಾಗಿಲ್ಲ. ಇನ್ನೊಂದು ಜಾಗ ಇದೆ. ನಾವು ಎಲ್ಲೂ ಬರೆದು ಹಾಕಿಲ್ಲ, ಬರೆದ್ರೆ ನಾಳೆಯಿಂದ ಎಲ್ಲಾ ಕಾರಲ್ಲೂ ಹುಟ್ಟಿಕೊಳ್ಳತ್ತೆ. ಯಾವ ಸೀಟು ಯಾವ ಕಾರಿಗೆ ಅಂತ ಗೊತ್ತಾಗ್ಲಿ ಅಂತ ಕಾರ್ಖಾನೆಯೋರು ಸೀಟಿನ ಅಡಿ ನೀಲಿ ಬಳಪದಲ್ಲಿ ನಂಬರ್ ಗೀಚ್ತಿದ್ರು. ಆ ನಲವತ್ತಕ್ಕೂ ಗೀಚಿದೋನು ಒಬ್ಬನೇ. ಅವನ ಕೈಬರಹ ನನಗೆ ನಿದ್ದೇಲೂ ಗೊತ್ತಾಗತ್ತೆ."

ಅಣ್ಣನ ಮುಖ ಅರಳಿತು. "ನಮ್ಮದು ಹಳೇ ಸೀಟೇ ಮೇಡಂ! ಮೇಲೆ ಮಾತ್ರ ಹೊಸದು. ತಟ್ಟೆ ಅದೇ."

ತಮ್ಮ ಗೋಡೆಯ ಕಡೆ ಒಂದು ಹೆಜ್ಜೆ ಸರಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನಾಲ್ಕು ನಟ್ಟು ಬಿಚ್ಚಿ, ಸೀಟನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿದ್ದ.

ಕಪ್ಪು ಬಣ್ಣ ಮಿರಮಿರ ಮಿಂಚಿತು.

"ಇದನ್ನ ಯಾವಾಗ ಹೊಡೆದ್ರಿ?" ಅವರು ಕೇಳಿದರು.

"ಹೋದ ವಾರ," ಎಂದ ತಮ್ಮ.

"ಅಡಿಯಲ್ಲಿ ಏನಾದ್ರೂ ಇತ್ತಾ?"

ಇರಲಿಲ್ಲ ಎನ್ನಬಹುದಿತ್ತು. ಅಂದಿದ್ದರೆ ತಪ್ಪು ಯಾರದೂ ಅಲ್ಲ, ಕಾರಿನದು. ತಮ್ಮ ಅಣ್ಣನನ್ನು ನೋಡದೆ ಹೇಳಿದ: "ಇತ್ತು. ನೀಲಿ. ಎರಡರಲ್ಲೂ ಇತ್ತು."

ಅತ್ತಿಗೆ ಬಾಗಿಲಿಂದ, "ಬಣ್ಣ ತೆಗೆದ್ರೆ ಕಾಣಿಸಲ್ವಾ?" ಎಂದಳು.

"ಅಡಿಯಲ್ಲಿ ಉಜ್ಜದೇ ಇದ್ರೆ ಕಾಣಿಸಬಹುದು," ಎಂದರು ಅವರು.

ತಮ್ಮನಿಗೆ ತಾನು ಉಜ್ಜಿದ್ದು ಎಷ್ಟು ಎಂದು ಗೊತ್ತಿತ್ತು. ಆದರೂ ಥಿನ್ನರ್ ಡಬ್ಬಿ ತಂದ. ಬಟ್ಟೆ ಅದ್ದಿ ತಟ್ಟೆಯ ಮೂಲೆಯಿಂದ ಶುರು ಮಾಡಿದ. ಕಪ್ಪು ಕರಗಿ ಬಟ್ಟೆಗೆ ಬಂತು, ಅಡಿಯಿಂದ ಕೆಂಪು ಎದ್ದಿತು. ಬಟ್ಟೆ ಬದಲಿಸಿದ. ಕೆಂಪು ಹೋಗಿ ತಗಡು ಹೊಳೆಯಿತು. ಎಲ್ಲಿ ನೋಡಿದರೂ ಬ್ರಷ್ಷಿನ ಸಣ್ಣ ಸಣ್ಣ ಗೆರೆಗಳು, ಒಂದೇ ದಿಕ್ಕಿಗೆ, ಬಾಚಿದ ಕೂದಲಿನ ಹಾಗೆ. ಚೊಕ್ಕ ಕೆಲಸ. ಅವರು ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಅಂಗುಲ ಅಂಗುಲ ನೋಡಿದರು. ನೀಲಿಯ ಒಂದು ಕಣವೂ ಇರಲಿಲ್ಲ.

"ಇನ್ನೊಂದು," ಎಂದ ಅಣ್ಣ.

ಇನ್ನೊಂದನ್ನೂ ತೆಗೆದರು. ಅದು ಮೊದಲನೆಯದಕ್ಕಿಂತ ಚೊಕ್ಕವಾಗಿತ್ತು. ಅಷ್ಟು ಹೊತ್ತಿಗೆ ಅವನ ಕೈ ಪಳಗಿತ್ತು.

"ಹಳೇ ಚರ್ಮ ಇದೆಯಾ? ಒಳಗಡೆ ಮುದ್ರೆ ಇರತ್ತೆ ಕೆಲವಕ್ಕೆ."

"ಸುಟ್ಟೆ ಮೇಡಂ. ಹುಳು ಇತ್ತು."

ಅವರು ಫೈಲು ತೆರೆದು ಒಂದು ಹಾಳೆಯನ್ನು ತಮಗೆ ಮಾತ್ರ ಕಾಣುವಂತೆ ಹಿಡಿದರು. "ಆ ನಂಬರ್ ನೆನಪಿದೆಯಾ ನಿಮಗೆ? ಯಾರ ಸುಳಿವೂ ಇಲ್ಲದೆ ಪೂರ್ತಿ ಹೇಳಿದ್ರೆ ಸಂಘದ ಮುಂದೆ ಇಡ್ತೀನಿ. ಒಪ್ತಾರೆ ಅಂತ ಮಾತು ಕೊಡಲ್ಲ."

ತಮ್ಮ ಕಣ್ಣು ಮುಚ್ಚಿದ. ಬ್ರಷ್ಷು ನೆನಪಾಯಿತು, ಉದುರಿದ ತುಕ್ಕು ನೆನಪಾಯಿತು, ಆ ದಿನ ಬೆರಳು ತರಚಿಕೊಂಡದ್ದೂ ನೆನಪಾಯಿತು. "ಮೊದಲು ಆರು... ಆರೇ. ಆಮೇಲೆ ಒಂದು ಸೊನ್ನೆ ಥರದ್ದು. ಕೊನೇಲಿ ಗೀಟು. ಒಂದೋ, ಏಳೋ... ಏಳು ಅಂತ ಬರ್ಕೊಳ್ಳಿ..."

"ಸುಮ್ನಿರು." ಅಣ್ಣನ ದನಿ ಏರಿರಲಿಲ್ಲ. "ನೆನಪಿದ್ರೆ ಹೇಳು. ಇಲ್ದೇ ಇದ್ರೆ ಇಲ್ಲ ಅನ್ನು. ಈ ಕಾರಿನ ಬಗ್ಗೆ ನಾನು ಒಂದು ಸುಳ್ಳೂ ಹೇಳಿಲ್ಲ."

ತಮ್ಮ ಮತ್ತೆ ಹುಡುಕಿದ. ನೀಲಿ ಬಣ್ಣ ಮಾತ್ರ ಸಿಕ್ಕಿತು. "ಇಲ್ಲ ಮೇಡಂ," ಎಂದ. "ಪೂರ್ತಿ ನೆನಪಿಲ್ಲ."

ಅವರು ಹಾಳೆಯನ್ನು ಮಡಿಸುವ ಮೊದಲು ಇನ್ನೊಮ್ಮೆ ಅದರ ಮೇಲೆ ಕಣ್ಣಾಡಿಸಿದರು. ಅದರಲ್ಲಿ ಏನಿತ್ತೋ, ಅವರು ಹೇಳುವಂತಿರಲಿಲ್ಲ, ಇವರು ಕೇಳುವಂತಿರಲಿಲ್ಲ. "ನಿಮ್ಮಿಬ್ಬರ ಮಾತನ್ನ ನಾನು ನಂಬ್ತೀನಿ," ಎಂದರು. "ನಂಬಿಕೇನ ಪಟ್ಟಿಗೆ ಸೇರ್ಸೋಕೆ ಬರಲ್ಲ." ಫಾರಮ್ಮಿನಲ್ಲಿ 'ನಿರ್ಧರಿಸಲಾಗದು' ಎಂದು ಬರೆದು ಸಹಿ ಹಾಕಿದರು.

"ಅಂದ್ರೆ ಸುಳ್ಳು ಅಂತಾನಾ?" ಅಣ್ಣ ಕೇಳಿದ.

"ಅಲ್ಲ. ಸುಳ್ಳೂ ಅಲ್ಲ, ನಿಜಾನೂ ಅಲ್ಲ."

"ಮತ್ತೆ ನೋಡೋದು?"

"ನೋಡೋಕೆ ಇನ್ನೇನೂ ಉಳಿದಿಲ್ಲವಲ್ಲ ಯಜಮಾನ್ರೇ." ಅವರು ಮೊಣಕಾಲಿನ ಮೆತ್ತೆ ಬಿಚ್ಚಿಕೊಂಡರು. ಹೋಗುವಾಗ, ಯಾರೂ ಕೇಳದಿದ್ದರೂ, ಹೊಲಿಗೆ ಬಹಳ ಚೆನ್ನಾಗಿದೆ ಎಂದರು.

ಅವರ ಕಾರು ಹೋದ ದೂಳು ಕೂತ ಮೇಲೆ ಅತ್ತಿಗೆ, "ಬಯ್ಯೋದಾದ್ರೆ ಬಯ್ದುಬಿಡಿ. ಒಳಗಿಟ್ಕೊಂಡು ಕೊರಗಬೇಡಿ," ಎಂದಳು ಗಂಡನಿಗೆ. ಅಣ್ಣ ಬಯ್ಯಲಿಲ್ಲ. ನಟ್ಟುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ. ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು.

"ಅಣ್ಣಾ, ತಗಡು ಬರಿದಾಗಿದೆ. ಇಬ್ಬನಿ ಬಿದ್ರೆ ನಾಳೆಗೇ ತುಕ್ಕು."

"ನಾನೇ ಅಲ್ವೇನೋ ಮಾಡು ಅಂದಿದ್ದು," ಎಂದ ಅಣ್ಣ. ಬೇರೆ ಯಾವುದೋ ಮಾತಿಗೆ ಉತ್ತರ ಕೊಟ್ಟಂತಿತ್ತು. ಒಳಗೆ ಹೋಗಿ ಕೈಕಾಲು ತೊಳೆದು, ಹಾಡಹಗಲಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ. ಅವನು ಹಗಲು ಮಲಗಿದ್ದನ್ನು ತಮ್ಮ ಕಂಡಿರಲಿಲ್ಲ.

ನಾಲ್ಕನೆಯ ದಿನ ಹಾಲಿನ ವ್ಯಾನಿನ ಚಾಲಕ ತನ್ನ ಸೀಟು ಒಯ್ಯಲು ಅಂಗಡಿಗೆ ಬಂದ. ಊರಿಂದ ಊರಿಗೆ ಹಾಲಿನ ಜೊತೆ ಸುದ್ದಿಯನ್ನೂ ಸಾಗಿಸುವವನು.

"ಏನಂತೆ ಒರಿಜಿನಲ್ ಸಮಾಚಾರ? ಪಟ್ಟಿಗೆ ಸೇರಿತಾ?"

"ಇಲ್ಲ."

"ನಾನು ಹೇಳಿದ್ದೆ!"

"ಕಾರು ನಿಜಾನೇ," ತಮ್ಮ ಸೂಜಿಯನ್ನು ಮೇಜಿನ ಮೇಲಿಟ್ಟ. "ಎರಡೂ ಸೀಟಿನ ಅಡಿ ಕಾರ್ಖಾನೆಯವರ ನಂಬರ್ ಇತ್ತು. ಅದೊಂದೇ ಸಾಕ್ಷಿ. ಪರೀಕ್ಷೆಗೆ ಒಂದು ವಾರ ಮುಂಚೆ ಗೊತ್ತಾಗದೆ ನಾನು ಉಜ್ಜಿಬಿಟ್ಟೆ."

ಚಾಲಕ ಒಂದು ಕ್ಷಣ ಅವನ ಮುಖವನ್ನೇ ನೋಡಿದ. ಆಮೇಲೆ ತೊಡೆ ತಟ್ಟಿ ನಕ್ಕ. "ಎರಡು ಸೀಟಿನ ಅಡೀನೂ ಇತ್ತಾ? ಎರಡನ್ನೂ ಉಜ್ಜಿದೆಯಾ? ಪರೀಕ್ಷೆಗೆ ವಾರ ಇದೆ ಅನ್ನೋವಾಗಲೇ? ಅಬ್ಬಾ! ಅಣ್ಣನ ಮಾನ ಉಳಿಸೋಕೆ ಎಂಥ ತಮ್ಮ ಕಣಯ್ಯ ನೀನು. ಇಷ್ಟು ವರ್ಷ ಅವನೊಬ್ಬನೇ ಹೇಳ್ತಿದ್ದ, ಈಗ ನೀನೂ ಶುರು ಮಾಡಿದೆ."

"ಸತ್ಯವಾಗ್ಲೂ ಇತ್ತು. ನನ್ನ ಕಣ್ಣಾರೆ ನೋಡಿದೀನಿ. ನೀಲಿ ಬಳಪ."

"ಹ್ಞೂಂ ಹ್ಞೂಂ. ನೀಲಿ."

ತಮ್ಮ ಮತ್ತೆ ಬಾಯಿ ತೆರೆದ. ಇನ್ನು ಏನು ಸೇರಿಸಿದರೂ ಅದು ಕಥೆಗೆ ಸೇರಿಸಿದಂತೆಯೇ ಕೇಳುತ್ತದೆ ಎನ್ನುವುದು ಅವನಿಗೆ ತಿಳಿಯಿತು. ಮೂವತ್ತೊಂದು ವರ್ಷ ಅಣ್ಣ ದಿನವೂ ತಿಳಿದದ್ದು ಇದೇ ಇರಬೇಕು. ಅವನು ಸೀಟನ್ನು ಎತ್ತಿ ಚಾಲಕನ ತೋಳಿಗೆ ಕೊಟ್ಟ. ಆತ ಇನ್ನೂ ನಗುತ್ತಲೇ ಅದನ್ನು ವ್ಯಾನಿಗೆ ಹಾಕಿಕೊಂಡು, ಮುಂದಿನ ಊರಿನ ಕಡೆ ಹೊರಟ.