ಸ್ಟೋರಿಗೆ ಹೋದ ಕೋಟು

ಸ್ಟುಡಿಯೋದ ಬಟ್ಟೆ ಸ್ಟೋರಿಗೆ ಒಮ್ಮೆ ಹೋದದ್ದು ಮತ್ತೆ ಯಾರ ಮನೆಗೂ ಹೋಗುವುದಿಲ್ಲ. ಹಾಗಂತ ಸುಮ್ಮನೆ ನೇತಾಡಿಕೊಂಡೂ ಇರುವುದಿಲ್ಲ. ಈ ಚಿತ್ರದಲ್ಲಿ ರಾಣಿಯ ಲಂಗವಾಗಿ ಮೆರೆದದ್ದು ಮುಂದಿನ ಚಿತ್ರದಲ್ಲಿ ಕಿಟಕಿಯ ಪರದೆ, ಅದರ ಮುಂದಿನದರಲ್ಲಿ ಭಿಕ್ಷುಕಿಯ ಜೋಳಿಗೆ. ನೋಡುವವರಿಗೆ ಗುರುತು ಸಿಗಬಾರದು, ಅಷ್ಟೇ ನಿಯಮ. ಗುರುತು ಅಳಿಸುವ ಕೆಲಸ ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುವ ಸೂಜಿಯಕ್ಕನದು. ಅವಳು ಕಾಲರ್ ತಿರುಗಿಸಿ, ಗುಂಡಿ ಬದಲಿಸಿ ತಂದಿಟ್ಟರೆ ನಿರ್ದೇಶಕರು ಹೊಸ ಬಟ್ಟೆಯೆಂದೇ ತಿಳಿದು, ಯಾಕಿಷ್ಟು ದುಂದು ಮಾಡಿದಿರಿ ಎಂದು ಬೈಯುತ್ತಿದ್ದರು.

ಗಂಡ ತೀರಿಕೊಂಡ ವರ್ಷ ಅವಳ ಕೈಯಿಂದ ಒಂದು ಎಡವಟ್ಟಾಯಿತು. ನಾಯಕನ ಕಪ್ಪು ಉಣ್ಣೆ ಕೋಟಿಗೆ ಇಸ್ತ್ರಿ ಹಾಕುತ್ತಾ ಎಲ್ಲೋ ನೋಡುತ್ತಾ ನಿಂತುಬಿಟ್ಟಳು. ಸುಟ್ಟ ವಾಸನೆ ಬಂದು ನೋಡಿದರೆ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು. ಅರ್ಧ ಚಿತ್ರ ಅದೇ ಕೋಟಿನಲ್ಲಿ ಮುಗಿದಿತ್ತು, ನಾಯಕ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದ. ಅವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ಮನೆಗೆ ಓಡಿದಳು. ಪೆಟ್ಟಿಗೆಯಲ್ಲಿ ಗಂಡನ ಕೋಟಿತ್ತು. ಅದೇ ಕಪ್ಪು, ಹೆಚ್ಚುಕಡಿಮೆ ಅದೇ ಅಳತೆ. ಮಗನಿಗೆ ಮೊದಲ ಕೆಲಸ ಸಿಕ್ಕಾಗ ಅತ್ತೆ ತಮ್ಮ ಕೈಯಾರೆ ಹೊಲಿದದ್ದು. ಅತ್ತೆ ಹಿತ್ತಲಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಿದ್ದರು. ಸೊಸೆ ಕೇಳಲೂ ಇಲ್ಲ, ಹೇಳಲೂ ಇಲ್ಲ, ಎತ್ತಿಕೊಂಡು ಬಂದಳು.

ಚಿತ್ರ ಮುಗಿದ ಮೇಲೆ ತಂದಿಟ್ಟರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಒಳಮಗ್ಗುಲಿಗೆ ಸ್ಟೋರಿನ ಮುದ್ರೆ ಬಿದ್ದಾಗಿತ್ತು. ವಾಪಸು ಕೇಳಬೇಕೆಂದರೆ ಸುಟ್ಟ ಕೋಟಿನ ಕತೆ ಹೇಳಬೇಕು, ಕತೆ ಹೇಳಿದರೆ ಕೆಲಸ ಹೋಗುತ್ತದೆ. ಬಾಯಿ ಮುಚ್ಚಿಕೊಂಡಳು. ಕೋಟು ಪತ್ತೇದಾರನಾಯಿತು, ವೈದ್ಯನಾಯಿತು, ಕುಡುಕನಾಯಿತು. ಪತ್ತೇದಾರನ ಹೊಟ್ಟೆ ದೊಡ್ಡದು, ಪಕ್ಕದ ಹೊಲಿಗೆ ಬಿಚ್ಚಿ ಪಟ್ಟಿ ಸೇರಿಸಿದಳು. ವೈದ್ಯ ಗಿಡ್ಡ, ತೋಳು ಕತ್ತರಿಸಿದಳು. ಕುಡುಕನಿಗಾಗಿ ಕೋಟಿನ ಮೊಣಕೈ ಸವೆಯಲೆಂದು ಇಟ್ಟಿಗೆ ಹಾಕಿ ಉಜ್ಜಿದಳು. ಚಿತ್ರಮಂದಿರದಲ್ಲಿ ಕೂತು, ಆ ಕೋಟು ಪರದೆಯ ಮೇಲೆ ಯಾರು ಯಾರನ್ನೋ ಅಪ್ಪಿಕೊಳ್ಳುವುದನ್ನು ನೋಡಿ ನಕ್ಕಿದ್ದೂ ಉಂಟು. ಬದುಕಿದ್ದಾಗ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂರುವುದಕ್ಕೂ ನಾಚುತ್ತಿದ್ದ ಮನುಷ್ಯ ಅವಳ ಗಂಡ. ನಕ್ಕು ಮುಗಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

ವರ್ಷಗಳು ಹೋದವು. ಅತ್ತೆಯ ಕಣ್ಣು ಪೂರ್ತಿ ಹೋಯಿತು, ಆಮೇಲೆ ಹಾಸಿಗೆಯನ್ನೂ ಹಿಡಿದರು. ಇನ್ನು ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಹೇಳಿ ಹೋದ ಬೆಳಗ್ಗೆ ಅವರು ಸೊಸೆಯ ಕೈ ಹಿಡಿದುಕೊಂಡರು.

"ಎಷ್ಟು ಹೊದ್ದರೂ ಚಳಿ ಹೋಗ್ತಿಲ್ಲ ಕಣಮ್ಮ. ಪೆಟ್ಟಿಗೇಲಿ ಅವನ ಕೋಟಿದೆಯಲ್ಲ, ಅದನ್ನ ಹೊದಿಸು. ಅದೊಂದು ಮೈಮೇಲಿದ್ರೆ ನೆಮ್ಮದಿಯಾಗಿ ಹೋಗ್ತೀನಿ."

"ಬಿಸಿಲಿಗೆ ಹಾಕಿ ತರ್ತೀನಿ ಅತ್ತೆ," ಎಂದಳು ಅವಳು.

ಸ್ಟೋರ್ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಒಂದು ಹಳೇ ಗುಂಡಿ ಬಿಟ್ಟುಕೊಡಲೂ ಹೊಟ್ಟೆನೋವು ಬರುವ ಆಸಾಮಿ. ಸೂಜಿಯಕ್ಕ ಇಸ್ತ್ರಿಯಿಂದ ಹಿಡಿದು ಎಲ್ಲವನ್ನೂ ಅವನ ಮುಂದೆ ಒದರಿಬಿಟ್ಟಳು. ಅವನು ಎದ್ದು ಹೋಗಿ ಕೋಟನ್ನು ಗೂಟದಿಂದ ಇಳಿಸಿ ತಂದ.

"ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ಯಲ್ಲ ತಾಯಿ," ಎಂದ. "ತಗೊಂಡು ಹೋಗು. ಆದ್ರೆ ನಾಳೆ ಬೆಳಗ್ಗೆ ತಂದುಬಿಡು, ಹೆಣದ ಪಾತ್ರಕ್ಕೆ ಅದನ್ನೇ ಆರಿಸಿದಾರೆ. ನೀರಲ್ಲಿ ತೇಲಿಸ್ತಾರಂತೆ."

ಮಧ್ಯಾಹ್ನವೆಲ್ಲ ಅವಳು ಕೋಟನ್ನು ಮಡಿಲಲ್ಲಿ ಹಾಕಿಕೊಂಡು, ತಾನು ಮಾಡಿದ್ದನ್ನು ತಾನೇ ಬಿಚ್ಚುತ್ತಾ ಕೂತಳು. ಸೇರಿಸಿದ ಪಟ್ಟಿ ಕಿತ್ತಳು. ಕಾಲರನ್ನು ನೆನಪಿದ್ದಷ್ಟು ಹಳೆಯ ಆಕಾರಕ್ಕೆ ತಂದಳು. ತೋಳಿಗೆ ಬೇರೊಂದು ಕೋಟಿನ ತುಂಡು ಜೋಡಿಸಿದಳು. ಮೂಲದ ಗುಂಡಿಗಳು ಈಗ ಯಾವ ಸೇನಾಪತಿಯ ಎದೆಯ ಮೇಲಿದ್ದವೋ. ಅತ್ತೆ ಇಟ್ಟಿದ್ದ ಒಳಜೇಬು ಯಾರದೋ ಷರಾಯಿಯ ತೇಪೆಯಾಗಿತ್ತು, ಹೊಸದು ಹೊಲಿದಳು. ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂಬುದೊಂದೇ ಧೈರ್ಯ, ಆ ಧೈರ್ಯಕ್ಕೆ ಅವಳಿಗೇ ಅಸಹ್ಯವಾಯಿತು.

ಸಂಜೆ ಹೊದಿಸಿದಾಗ ಅತ್ತೆಯ ಮುಖ ಅರಳಿತು. ಬೆರಳುಗಳು ಕಾಲರನ್ನು ಸವರಿದವು, ತೋಳಿನ ಹೊಲಿಗೆ ಹಿಡಿದು ಭುಜದವರೆಗೆ ಹೋದವು, ಒಳಗೆ ನುಸುಳಿ ಜೇಬನ್ನು ತಡವಿದವು. ಅಲ್ಲೇ ನಿಂತವು.

"ಯಾರದಮ್ಮ ಇದು?"

"ಅವರದೇ ಅತ್ತೆ." ಅದು ನಿಜವೇ ಆಗಿತ್ತು.

"ಅಲ್ಲ ಕಣಮ್ಮ." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಹೊಲಿದದ್ದು ನನಗೆ ಗೊತ್ತಾಗಲ್ವಾ? ಇದನ್ನ ಹೊಲಿದ ಕೈ ನನಗಿಂತ ಚೆನ್ನಾಗಿದೆ. ಎಷ್ಟು ನಯವಾಗಿ ಹಾಕಿದಾಳೆ ನೋಡು, ಪುಣ್ಯಾತ್ಗಿತ್ತಿ."

ಆ ಕೈ ನನ್ನದೇ ಎನ್ನಲು ಸೊಸೆ ಬಾಯಿ ತೆರೆದಳು. ಹೇಳಿದರೆ ಕತ್ತರಿ ಹಿಡಿದ ಕೈಯೂ ಅದೇ ಎಂದು ಹೇಳಬೇಕಾಗುತ್ತಿತ್ತು.

"ಪಾಪ, ನನಗೋಸ್ಕರ ಯಾರದೋ ಎತ್ಕೊಂಡು ಬಂದಿದೀಯ. ಅವರಿಗೂ ಚಳಿಯಾಗುತ್ತಲ್ಲ, ಕೊಟ್ಟುಬಿಡು. ನಮ್ಮ ಹುಡುಗನದು ಪೆಟ್ಟಿಗೆ ತಳದಲ್ಲಿರಬೇಕು. ಸರಿಯಾಗಿ ಹುಡುಕು."

ಅವಳು ಕೋಟನ್ನು ತೆಗೆದು ಮಡಚಿ, ಬಾಗಿಲ ಪಕ್ಕದಲ್ಲಿಟ್ಟಳು. ಒಳಕೋಣೆಗೆ ಹೋಗಿ, ಅತ್ತೆಗೆ ಕೇಳಿಸಲೆಂದು ಪೆಟ್ಟಿಗೆಯ ಮುಚ್ಚಳವನ್ನು ಸದ್ದು ಮಾಡಿ ತೆರೆದಳು. ಇದ್ದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದಳು, ಮತ್ತೆ ಒಂದೊಂದಾಗಿ ಒಳಗಿಟ್ಟಳು, ಮತ್ತೆ ಹೊರಗೆ ತೆಗೆದಳು.

"ಸಿಕ್ತಾ ಮಗಳೇ?" ಎಂದರು ಅತ್ತೆ ಆ ಕಡೆಯಿಂದ.

"ಹುಡುಕ್ತಾ ಇದೀನಿ ಅತ್ತೆ," ಎಂದಳು ಅವಳು.